ಹೆಂಚಿನ ಮೇಲಿನ ಹಲ್ಲು

ಮೊನ್ನೆ ಊಟದ ಹೊತ್ತಿನಲ್ಲಿ ನೀವಿಬ್ಬರೂ ‘ಗ್ರೀವಸ್’ ಎಂಬ ಇಂಗ್ಲಿಷ್ ಪದದ ಅರ್ಥಕ್ಕಾಗಿ ಫೋನ್ ತಡಕಾಡಿದಿರಿ. ನನಗೆ ಗೊತ್ತಿತ್ತು. ಹಳ್ಳಿ ಶಾಲೆಯಲ್ಲಿ ಕಲಿತ ಅಜ್ಜಿ ಇಂಗ್ಲಿಷ್ ಹೇಳಿದರೆ ನಗುತ್ತೀರೆಂದು ಸುಮ್ಮನಿದ್ದೆ. ಬರೆಯುವುದಾದರೆ ಅಷ್ಟು ಸಂಕೋಚವಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ನನ್ನನ್ನೂ ನಿಮ್ಮ ಅಮ್ಮನನ್ನೂ ಚಾಮರಾಜಪೇಟೆಯ ಮನೆಯಿಂದ ಓಡಿಸಲು ನನ್ನ ಮೈದುನ ಹಟ ಹಿಡಿದಿದ್ದ. ಒಂದು ಬೆಳಿಗ್ಗೆ ನಮ್ಮ ಪಾತ್ರೆಗಳನ್ನು ಬೀದಿಗೆ ಎಸೆಯತೊಡಗಿದ. ನಾನು ಬಾಗಿಲಿಗೆ ಅಡ್ಡ ನಿಂತೆ. ಕೂದಲು ಹಿಡಿದು ಮುಖವನ್ನು ಹೊಸ್ತಿಲಿಗೆ ಕುಟ್ಟಿದ, ಮತ್ತೆ ಮತ್ತೆ. ಮುಂದಿನ ಹಲ್ಲೊಂದು ಬುಡಸಮೇತ ಕಿತ್ತು ಬಂತು. ನಿಮ್ಮ ಅಮ್ಮ ಅವನ ಕೈ ಕಚ್ಚಿದಳು. ಅವಳ ಹೊಟ್ಟೆಗೆ ಒದ್ದ.

ಅತ್ತೆ ಓಡಿ ಬಂದರು. ಬಿದ್ದ ಹಲ್ಲು ಮನೆಯೊಳಗಿರಬಾರದು. ಮಕ್ಕಳ ಹಾಲುಹಲ್ಲಿಗೆ ಮಾಡುವಂತೆ, ಅಂಗಳ ಸಾರಿಸಲು ತಂದಿದ್ದ ಸಗಣಿಯಲ್ಲಿ ಅದನ್ನು ಸುತ್ತಿ ಹೆಂಚಿನ ಮೇಲೆ ಎಸೆದುಬಿಟ್ಟರು. ನಲವತ್ತು ದಾಟಿದವಳಿಗೆ ಹೊಸ ಹಲ್ಲು ಬರುತ್ತದೆಯೇ? ಗಾಬರಿಯಲ್ಲಿ ಅವರ ಕೈ ರೂಢಿಯ ಕೆಲಸ ಮಾಡಿತ್ತು.

ಪೊಲೀಸರು ಕಳಿಸಿದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಯಿಗೆ ಟಾರ್ಚ್ ಹಿಡಿದು, “ಗ್ರೀವಸ್ ಅಂತ ಬರೀತೀನಮ್ಮ” ಎಂದರು. ನಾನು ಪಿಳಿಪಿಳಿ ನೋಡಿದ್ದಕ್ಕೆ ಬಿಡಿಸಿ ಹೇಳಿದರು. ಲ್ಯಾಟಿನ್ನಿನಲ್ಲಿ ಭಾರ ಎಂಬ ಅರ್ಥದ ಪದದಿಂದ ಬಂದದ್ದಂತೆ. ನಮ್ಮ ‘ಗುರು’ ಅದರ ದೂರದ ನೆಂಟನಂತೆ. ಘೋರ ತಪ್ಪು, ತುಂಬಲಾಗದ ನಷ್ಟ ಎನ್ನುವಾಗಲೂ ಬಳಸುತ್ತಾರಂತೆ. ಕಾನೂನಿನಲ್ಲಿ ಮೂಳೆ ಮುರಿದರೆ, ಹಲ್ಲು ಕಳಚಿದರೆ ಆ ಗಾಯ ಗ್ರೀವಸ್.

“ಬರೀ ಊದಿದ್ರೆ ಸಿಂಪಲ್ ಗಾಯ, ಪೊಲೀಸ್ರು ಹಿಡಿದಿಡೋ ಹಾಗಿಲ್ಲ, ಅವ್ನು ಸಂಜೆಗೆ ಮನೇಲಿರ್ತಾನೆ. ಹಲ್ಲೆಲ್ಲಿ?”

“ಹೆಂಚಿನ ಮೇಲೆ.”

ಠಾಣೆಯಲ್ಲಿ ಮೈದುನ ನಕ್ಕ. “ಸಾರ್, ಅದು ಹುಳುಕ್ ಹಲ್ಲು. ಹೋದ ವರ್ಷಾನೇ ಉದುರಿತ್ತು. ಅತ್ತಿಗೇದು ಬರೀ ನಾಟ್ಕ. ಬೇಕಿದ್ರೆ ನಮ್ಮಮ್ಮನ್ನೇ ಕೇಳಿ.”

ಇನ್ಸ್‌ಪೆಕ್ಟರ್ ಅತ್ತೆಯ ಕಡೆ ತಿರುಗಿದರು. ಅವರು ಹೌದೆಂದರೆ ಸಂಜೆ ನಾವಿಬ್ಬರೂ ಅವನಿರುವ ಮನೆಗೇ ಮರಳಬೇಕಿತ್ತು.

“ಹುಳುಕಾಗಿರ್ಲಿಲ್ಲ. ಬೇರು ಬೆಳ್ಳಗಿತ್ತು,” ಎಂದರು ಅತ್ತೆ. “ಇವತ್ತು ಬೆಳಿಗ್ಗೆ ನಾನೇ ಎಸ್ದೆ. ಏಣಿ ಹಾಕಿ ನೋಡ್ಕೊಳ್ಳಿ.”

“ಅಮ್ಮಾ! ನಾನ್ ನಿನ್ ಮಗ!”

“ನಿನ್ ಹಾಲುಹಲ್ಲೂ ಅದೇ ಹೆಂಚಿನ ಮೇಲೆ ಎಸ್ದಿದ್ದೆ ಕಣೋ.”

ಕಾನ್‌ಸ್ಟೇಬಲ್ ಏಣಿ ಹತ್ತಿ ಸಗಣಿಯುಂಡೆ ಇಳಿಸಿ ತಂದ. ಮೈದುನನನ್ನು ಲಾಕಪ್ಪಿಗೆ ತಳ್ಳಿದರು.

ಸಂಜೆ ಹೊಸ್ತಿಲ ರಕ್ತವನ್ನು ಅತ್ತೆಯೇ ಉಜ್ಜಿದರು, ನನ್ನನ್ನು ಮುಟ್ಟಗೊಡಲಿಲ್ಲ. ಉಜ್ಜುತ್ತಲೇ ಅತ್ತರು. ಅಳು ಯಾರಿಗಾಗಿ ಎಂದು ನಾನು ಕೇಳಲಿಲ್ಲ. ನೀರು ಹೊಯ್ಯುತ್ತ ಪಕ್ಕದಲ್ಲಿ ನಿಂತೆ.