ಅಕ್ಕಿ ಕಚ್ಚಿಸಿದ ಸಂಶೋಧಕಿ

ಅಂದು ಅಕ್ಕಿ ವ್ಯಾಪಾರಿಗೆ ಕೊಟ್ಟ ಹತ್ತಿಯನ್ನು ಆಕೆ ಮನೆಯಿಂದ ತಂದಿದ್ದರೋ, ಅಂಗಡಿಯ ದೀಪದ ಬತ್ತಿಯಿಂದ ಕಿತ್ತರೋ, ಈಗ ಹೇಳಲಾರೆ. ನೆನಪು ಎರಡನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಐವತ್ತರ ದಶಕದಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯಲ್ಲಿದ್ದವರು ಆಕೆ. ಮನುಷ್ಯನಲ್ಲಿ ತಿಳಿವಳಿಕೆ ಹುಟ್ಟುವುದು ಹೇಗೆಂದು ಸಂಶೋಧನೆ ಮಾಡಬೇಕೆಂದಿದ್ದರು. ತತ್ತ್ವಶಾಸ್ತ್ರದವರು ವಿಜ್ಞಾನಕ್ಕೆ ಹೋಗಿ ಎಂದರು, ವಿಜ್ಞಾನದವರು ತತ್ತ್ವಶಾಸ್ತ್ರಕ್ಕೆ. ಇಬ್ಬರನ್ನೂ ಒಪ್ಪಿಸಬೇಕಾದ ಸಂದರ್ಶನವೊಂದಿತ್ತು, ಒಪ್ಪದಿದ್ದರೆ ಸೀಟಿಲ್ಲ.

"ಹೇಗೆ ಗೊತ್ತಾಯ್ತು?" ಎಂದು ಹಾಲಿನವಳನ್ನೂ ಕೇಳಿ, ಕನ್ನಡಕವನ್ನು ಹಣೆಗೇರಿಸಿ ಉತ್ತರಕ್ಕೆ ಕಾಯುತ್ತಿದ್ದರು.

ಸಂದರ್ಶನದ ಹಿಂದಿನ ದಿನ ನಾವಿಬ್ಬರೂ ಅಕ್ಕಿಪೇಟೆಗೆ ಹೋದೆವು. ವ್ಯಾಪಾರಿಯೊಬ್ಬರು ಕಣ್ಣು ಮುಚ್ಚಿ, ಒಂದೊಂದೇ ಕಾಳು ಕಚ್ಚಿ, ಹಳೇ ಅಕ್ಕಿ ಯಾವುದು, ಹೊಸತು ಯಾವುದು ಎಂದು ತಪ್ಪದೆ ಹೇಳಿದರು.

"ಹೇಗೆ ಗೊತ್ತಾಯ್ತು?"

"ನನ್ನೇನ್ ಕೇಳ್ತೀರಮ್ಮ, ಹಲ್ಲನ್ನ ಕೇಳಿ!"

ಆಕೆ ಹತ್ತಿ ಕೊಟ್ಟು, ಕಿವಿ ಮುಚ್ಚಿಕೊಂಡು ಮತ್ತೆ ಕಚ್ಚಲು ಹೇಳಿದರು. ಮುಚ್ಚಿದ ಕಿವಿಯೊಳಗೆ ಎಲ್ಲ ಕಾಳಿನ ಸದ್ದೂ ಒಂದೇ ಥರ ಗುಂಯ್ ಎಂದಿತಂತೆ, ಈ ಸಲ ಸಾಲಾಗಿ ತಪ್ಪಿತು. ಇಷ್ಟು ವರ್ಷ ಅವರು ಹಲ್ಲಿನ ಗುಣವೆಂದು ನಂಬಿದ್ದು ಕಾಳು ಮುರಿಯುವ ಸದ್ದಿನಿಂದ ಬರುತ್ತಿತ್ತು.

"ಏನ್ ಸಾವ್ಕಾರ್ರೇ, ಹಲ್ಲು ಉದುರೋಯ್ತಾ?" ಎಂದು ಪಕ್ಕದಂಗಡಿಯವರು ನಕ್ಕರು.

"ಇದನ್ನ ಬರೀಬೇಡಿ ತಾಯಿ. ಇನ್ಮೇಲೆ ನನ್ನ ಮಾತು ಯಾರು ನಂಬ್ತಾರೆ?" ಎಂದರು ವ್ಯಾಪಾರಿ, ಆಕೆಯ ಕೈಯ ನೋಟುಬುಕ್ಕು ನೋಡಿ.

"ನಿಮ್ಮ ಹೆಸರು ಹಾಕಲ್ಲ. ಆದ್ರೆ ನಾಳೆ ಬಂದು ಪ್ರೊಫೆಸರುಗಳ ಮುಂದೆ ಕಚ್ಚಿ ತೋರಿಸಿ. ಇದು ಯಾವ ವಿಭಾಗಕ್ಕೆ ಸೇರತ್ತೆ ಅಂತ ಅವರೇ ಹೇಳ್ಲಿ."

ವ್ಯಾಪಾರಿ ಮುಖ ತಿರುಗಿಸಿಕೊಂಡರು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು ತೊಟ್ಟು, ಎರಡು ಅಕ್ಕಿ ಗಂಟುಗಳೊಂದಿಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಆಕೆಗೆ ಸೀಟು ಸಿಕ್ಕಿತು, ಎರಡೂ ವಿಭಾಗಗಳಿಂದ ಒಬ್ಬೊಬ್ಬ ಮಾರ್ಗದರ್ಶಕರೊಂದಿಗೆ. ಅಷ್ಟು ಜನ ಓದಿದವರೆದುರು ತಪ್ಪಿ ತೋರಿಸಲು ಆ ವ್ಯಾಪಾರಿ ಏಕೆ ಒಪ್ಪಿದರೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.