ಗೌರಿ ಹಬ್ಬದ ಪಾಯಸ, ಮಾವನ ಮಧುನಾಶಿನಿ

ಗೌರಿ ಹಬ್ಬದ ದಿನ ನಮ್ಮ ಮಾವ ಗಂಗಾಧರಯ್ಯನವರು ಬಾಗಿಲಲ್ಲೇ ನಿಂತು ಬಂದ ನೆಂಟರಿಗೆಲ್ಲ ಮಧುನಾಶಿನಿ ಎಲೆ ಹಂಚುತ್ತಿದ್ದರು. "ಚೆನ್ನಾಗ್ ಅಗೀರಿ, ಆಮೇಲೆ ಊಟಕ್ಕೆ ಕೂತ್ಕೊಳ್ಳಿ. ಶುಗರ್‌ಗೆ ಒಳ್ಳೇದು." ನನಗೋ ತಲೆಚಿಟ್ಟು ಹಿಡಿಯಿತು.

ಅಂಜನಾಪುರ ಬಡಾವಣೆಯಾಗುವ ಮುಂಚೆ ಇಲ್ಲೇ ರಾಗಿ ಬೆಳೆದವರು ಅವರು. ಹೊಲವೆಲ್ಲ ಸೈಟುಗಳಾದಾಗ ಬೇಲಿಯ ಈ ಬಳ್ಳಿಯನ್ನು ತಂದು ಕಾಂಪೌಂಡಿಗೆ ಹಬ್ಬಿಸಿದರು. ಅವರಪ್ಪ ಸಕ್ಕರೆ ಕಾಯಿಲೆಗೆ ದಿನಾ ಇದರ ಎಲೆ ಅಗಿಯುತ್ತಿದ್ದರಂತೆ, ಹಾವು ಕಚ್ಚಿದವರಿಗೆ ಬೇರು ತೇಯ್ದು ಹಚ್ಚುತ್ತಿದ್ದರಂತೆ. ಮಾವ ಮಾತ್ರ ಡಾಕ್ಟರ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು; ಎಲೆಯ ಗುಣ ಸುಳ್ಳೆನ್ನಲಾರೆ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೇ ಅಡ್ಡ ಕೂರುತ್ತವೆ. ಆಗ ಸಕ್ಕರೆ ತಿಂದರೂ ಮರಳು ತಿಂದಂತೆ. ಸ್ವಲ್ಪ ಹೊತ್ತು ಕಳೆದರೆ ನಾಲಿಗೆ ಮೊದಲಿನಂತಾಗುತ್ತದೆ. ಆದರೆ ಹಬ್ಬದೂಟದ ಹೊತ್ತಿಗೆ ಇದೇನು ಕರ್ಮ!

ನನಗೆ ಅತ್ತೆಯದೇ ಚಿಂತೆ. ಅತ್ತೆ ಮಂಗಮ್ಮನವರಿಗೆ ಮರೆವು ಶುರುವಾಗಿತ್ತು. ಹೋದ ದೀಪಾವಳಿಗೆ ಶಾವಿಗೆ ಪಾಯಸಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಮಾವನ ತಮ್ಮ ಗುಂಡಣ್ಣ ಎಲ್ಲರೆದುರು, "ಏನತ್ತಿಗೆ, ಸಕ್ಕರೆ ರೇಟ್ ಜಾಸ್ತಿ ಆಯ್ತಾ?" ಎಂದು ನಕ್ಕುಬಿಟ್ಟ. ಆಮೇಲೆ ಅತ್ತೆ ಒಲೆಯ ಹತ್ತಿರವೇ ಸುಳಿಯಲಿಲ್ಲ. ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ಮಾವ ಪುಸಲಾಯಿಸಿ ಪುಸಲಾಯಿಸಿ ಈ ಹಬ್ಬಕ್ಕೆ ಅವರ ಕೈಯಲ್ಲೇ ಪಾಯಸ ಮಾಡಿಸಿದ್ದರು. ಇನ್ನೊಮ್ಮೆ ನಗೆಪಾಟಲಾದರೆ ಅವರು ಮತ್ತೆ ಸೌಟು ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ.

ಮಾವ ಕೊಟ್ಟ ಎಲೆಯನ್ನು ನಾನು ಮೆಲ್ಲಗೆ ಕುಂಡಕ್ಕೆ ಹಾಕಿ ಊಟಕ್ಕೆ ಕೂತೆ. ಅತ್ತೆ ಪಾಯಸ ಬಡಿಸಿದರು. ಬಾಯಿಗಿಟ್ಟರೆ ಸಪ್ಪೆ. ಅಯ್ಯೋ ದೇವರೇ, ಮತ್ತೆ ಮರೆತಿದ್ದಾರೆ!

"ಅಣ್ಣಾ, ಸಿಹಿನೇ ಇಲ್ವಲ್ಲೋ!" ಎಂದ ಗುಂಡಣ್ಣ. ಅತ್ತೆಯ ಕೈಯ ಸೌಟು ನಿಂತಿತು.

"ಎಲೆ ಅಗ್ದಿದ್ದೀಯಲ್ವೇನೋ? ಅದರ ಮಹಿಮೆ ಕಣೋ!" ಮಾವ ಜೋರಾಗಿ ನಕ್ಕರು. "ನಮ್ ಮಂಗಮ್ಮನ ಕೈ ಪಾಯಸದ ಸಿಹಿ ನಿನ್ ನಾಲಿಗೆಗೆ ಹೆಂಗೋ ಗೊತ್ತಾಗ್ಬೇಕು?"

ಎಲ್ಲರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಅತ್ತೆಯೂ ನಕ್ಕರು.

ನಾನು ತಲೆಯೆತ್ತಿದೆ. ಮಾವ ನನ್ನನ್ನೇ ನೋಡುತ್ತಿದ್ದರು. ನಾನು ಎಲೆ ಕುಂಡಕ್ಕೆ ಹಾಕಿದ್ದನ್ನು ಅವರು ಕಂಡಿದ್ದರು. ಮುಖದಲ್ಲಿ ನಗುವಿತ್ತು, ಕಣ್ಣಲ್ಲಿ ಭಯ. ಎಲೆ ಹಂಚಿದ್ದು ಯಾಕೆಂದು ನನಗೀಗ ಹೊಳೆಯಿತು.

"ಮಾವ, ಆ ಎಲೆ ಇನ್ನೊಂದು ಕೊಡಿ," ಎಂದು ಕೈ ಚಾಚಿದೆ. ಕಹಿಯನ್ನು ಚೆನ್ನಾಗಿ ಅಗಿದು ನುಂಗಿ, ಎಲ್ಲರಿಗೂ ಕೇಳುವಂತೆ ಕೂಗಿದೆ: "ಅತ್ತೆ, ನಂಗೆ ಇನ್ನೊಂದ್ ಸೌಟು ಪಾಯಸ ಹಾಕಿ!"