ಪಕ್ಕದ ಕಟ್ಟಡದ ಅಕ್ಕ

ಕಳೆದ ವಾರ ನನ್ನ ಕೊಠಡಿಯ ಕಿಟಕಿ ತೆರೆದಾಗ ಒದ್ದೆ ಗೋಣಿತಾಟಿನ ವಾಸನೆ ಒಳಗೆ ಬಂತು. ಎದುರಿನ ಸೈಟಿನಲ್ಲಿ ಹೊಸ ಕಟ್ಟಡ ಏಳುತ್ತಿದೆ. ಕಾಂಕ್ರೀಟ್ ಕಂಬಗಳಿಗೆ ಗೋಣಿ ಸುತ್ತಿ ಯಾರೋ ಪೈಪಿನಿಂದ ನೀರು ಬಿಡುತ್ತಿದ್ದರು. ಹಸಿ ಸಿಮೆಂಟು, ಸೆಣಬು, ನೀರು ಎಲ್ಲ ಸೇರಿದ ವಾಸನೆ... ಆಪ್ತಸಮಾಲೋಚನೆಗೆ ಬರುವವರಿಗೆಂದು ಇಟ್ಟ ಕುರ್ಚಿಯಲ್ಲಿ ನಾನೇ ಸ್ವಲ್ಪ ಹೊತ್ತು ಕೂತುಬಿಟ್ಟೆ. ಅದು ಅಕ್ಕನ ಸೀರೆಯ ವಾಸನೆಯಾಗಿತ್ತು.

ಆಗ ಹೈದರಾಬಾದಿಗೆ ಐಟಿ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದವು. ಕೂಕಟ್‌ಪಲ್ಲಿಯ ನಮ್ಮ ಬೀದಿಯಲ್ಲಿ ಜನ ವಾಸವಿದ್ದ ಮನೆಗಳಿಗಿಂತ ಅರ್ಧ ಕಟ್ಟಿದವೇ ಹೆಚ್ಚು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ತಮ್ಮ, ನಾನು ಮೈಸೂರು ಬಿಟ್ಟು ಅಲ್ಲಿಗೆ ಬಂದಿದ್ದೆವು. ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಮಾಡುತ್ತಿದ್ದೆ. ತಮ್ಮ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ವಾಚ್‌ಮನ್ನನ ಹೆಂಡತಿ ದಿನವಿಡೀ ಅದರ ಕಂಬಗಳಿಗೆ ನೀರು ಬಿಡುತ್ತಿದ್ದರು; ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ರಾಯಚೂರು ಕಡೆಯವರು. ಬೀದಿಯವರ ಜೊತೆ ಅರ್ಧ ತೆಲುಗು, ಅರ್ಧ ಹಿಂದಿ. ನಾವು ಕನ್ನಡದವರೆಂದು ಅವರಿಗೆ ತಿಳಿದದ್ದು ತಮ್ಮನನ್ನು ಎಬ್ಬಿಸಲು ಅಮ್ಮ ದಿನಾ ಬೆಳಿಗ್ಗೆ ಕೂಗುತ್ತಿದ್ದುದರಿಂದ.

"ಏನ್ರೀ ಸಾಹೇಬ್ರ, ನಿಮ್ಮವ್ವ ಒದರೂದು ಕೇಳಿ ನಮ್ಮ ಕೂಲಿ ಮಂದಿ ಎಲ್ಲಾ ಎದ್ದು ಕೆಲಸಕ್ಕ ಹತ್ಯಾರ. ನಿಮಗೊಬ್ಬರಿಗೇ ಕೇಳಲಿಲ್ಲೇನು?" ಎಂದು ಅವನನ್ನು ಕಾಡುತ್ತಿದ್ದರು. ಅವನು ನಾಚಿಕೆಯಿಂದ ನಗುತ್ತ ಬೈಕ್ ಏರುತ್ತಿದ್ದ.

ಒಂದು ಮಳೆಗಾಲದ ಸಂಜೆ ಕಾರ್ಖಾನೆಯಿಂದ ಬರುವಾಗ ಲಾರಿಯೊಂದು ಆ ಬೈಕಿಗೆ ಬಡಿಯಿತು. ತಮ್ಮ ಮನೆಗೆ ಬರಲಿಲ್ಲ...

ಕಾರ್ಯಗಳು ಮುಗಿದು ನೆಂಟರು ಮೈಸೂರಿಗೆ ಮರಳಿದ ಮೇಲೆ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಅಳಲಿಲ್ಲ. ಒಂದು ಮಾತೂ ಇಲ್ಲ. ಹನಿ ಮಜ್ಜಿಗೆ ಬಿಟ್ಟರೆ ಏನೂ ಒಳಗೆ ಹೋಗುತ್ತಿರಲಿಲ್ಲ. ಡಾಕ್ಟರು ಬಂದು ನೋಡಿ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಹೇಗಾದರೂ ಮಾತಾಡಿಸಿ ಎಂದರು. ನಾನು ಧೈರ್ಯ ಹೇಳಿದೆ, ಬೇಡಿಕೊಂಡೆ, ಒಮ್ಮೆ ಗದರಿದೆ ಕೂಡ. ತಮ್ಮನ ಹೆಸರನ್ನು ಮಾತ್ರ ಎತ್ತಲಿಲ್ಲ. ಎತ್ತಿದರೆ ಇವಳೂ ಕೈತಪ್ಪಿ ಹೋದಾಳು ಎಂಬ ಭಯ.

ಒಂದು ಮಧ್ಯಾಹ್ನ ಅಕ್ಕ ಪೈಪ್ ಬದಿಗಿಟ್ಟು ನಮ್ಮ ಮನೆಗೆ ಬಂದರು. ಅವರ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ಬದುಕನ್ನು ಹೇಳಿ ಹೇಳಿ ರಾಗವಾಗಿ ಅಳುತ್ತಾರೆ. ನಮ್ಮಲ್ಲಿ ಹಾಗೆ ಯಾರೂ ಅಳಲಿಲ್ಲವೆಂಬುದು ಅವರನ್ನು ಬಾಧಿಸುತ್ತಿತ್ತಂತೆ. ಮೊದಲು ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: ತಮ್ಮನಿಗೆ ಯಾವ ತಿಂಡಿ ಸೇರುತ್ತಿತ್ತು, ಯಾವುದು ಸೇರುತ್ತಿರಲಿಲ್ಲ, ಮನೆಗೆ ಬಂದ ಕೂಡಲೇ ಏನು ಮಾಡುತ್ತಿದ್ದ. ಏನೂ ತಿಳಿಯದೆ ಅಳುವುದು ಹೇಗೆ ಎಂದರು. ಉಪ್ಪಿಟ್ಟು ಕಂಡರೆ ಮುಖ ಸಿಂಡರಿಸುತ್ತಿದ್ದ, ಬಂದವನೇ ಬೂಟು ಕಳಚದೆ ಫ್ರಿಜ್ ತೆಗೆಯುತ್ತಿದ್ದ... ಒಂದೊಂದಾಗಿ ಹೇಳುತ್ತ ಹೋದೆ.

ಅಕ್ಕ ಅಮ್ಮನ ಬೆನ್ನ ಹಿಂದೆ ನೆಲದ ಮೇಲೆ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಶುರುಮಾಡಿದರು. "ಉಪ್ಪಿಟ್ಟು ಒಲ್ಲೆ ಅಂತಿದ್ದೆಲ್ಲೋ ನನ್ನಪ್ಪಾ... ಬೂಟುಗಾಲಾಗ ಒಳಗ ಬರತಿದ್ದೆಲ್ಲೋ ನನ್ನ ಕಂದಾ..." ಅಪಾರ್ಟ್‌ಮೆಂಟಿನವರು ಏನೆನ್ನುತ್ತಾರೋ ಎಂದು ನಾನು ಬಾಗಿಲು ಮುಚ್ಚಿದೆ. ಅಮ್ಮ ಅಲುಗಾಡಲಿಲ್ಲ. ಅಕ್ಕನ ದನಿ ಏರಿತು. "ಹಸರ ಅಂಗಿ ತೊಟ್ಟು ಹೋದೆಲ್ಲೋ... ಗುಂಡಿ ಹಚ್ಚವ್ವಾ ಅಂದಿದ್ದೆಲ್ಲೋ..."

ಅಮ್ಮ ಈ ಕಡೆ ತಿರುಗಿದಳು.

"ಅವನ ಹತ್ರ ಹಸಿರು ಷರ್ಟ್ ಇರ್ಲಿಲ್ಲ."

ಅಕ್ಕನ ರಾಗ ನಿಂತಿತು. ಅಮ್ಮ ಮೆಲ್ಲಗೆ ಎದ್ದು ಕೂತು, "ಯಾರದಮ್ಮಾ ಅದು?" ಎಂದಳು.

"ನನ್ನ ಮಗಂದ್ರೀ ಯವ್ವಾ... ತಪ್ಪಾತು. ಬಾಯಿಗೆ ಅದ ಬಂತು."

ನಮಗದು ಗೊತ್ತೇ ಇರಲಿಲ್ಲ. ಹಿಂದೆ ಇನ್ನೊಂದು ಕಟ್ಟಡದಲ್ಲಿದ್ದಾಗ, ಮುಚ್ಚಳವಿಲ್ಲದ ನೀರಿನ ಸಂಪಿನೊಳಗೆ ಅವರ ಪುಟ್ಟ ಮಗ ಬಿದ್ದು ತೀರಿಕೊಂಡಿದ್ದ. ಹಬ್ಬಕ್ಕೆಂದು ಕೋಠಿ ಬಜಾರಿನಲ್ಲಿ ಕೊಂಡ ಆ ಹಸಿರು ಅಂಗಿ ಮೈಮೇಲಿತ್ತು. ಮರುದಿನವೇ ಕೆಲಸಕ್ಕೆ ಹೋಗಬೇಕಾಗಿ ಬಂದದ್ದರಿಂದ ಅವನಿಗಾಗಿ ಅವರು ಕೂತು ಅತ್ತಿರಲಿಲ್ಲ. ಅಮ್ಮ ಕೇಳುತ್ತ ಹೋದಳು, ಅಕ್ಕ ಹೇಳುತ್ತ ಹೋದರು. ಮೊದಲು ಅತ್ತದ್ದು ಅಮ್ಮ. ಆ ಹುಡುಗನಿಗಾಗಿ ಅತ್ತಳೋ ತನ್ನ ಮಗನಿಗಾಗಿಯೋ ನನಗೆ ತಿಳಿಯಲಿಲ್ಲ. ಕತ್ತಲಾಗುವ ಹೊತ್ತಿಗೆ ಅಮ್ಮ ಎರಡು ತುತ್ತು ಮೊಸರನ್ನ ತಿಂದಳು. ಆಸ್ಪತ್ರೆಯ ಮಾತು ಮತ್ತೆ ಬರಲಿಲ್ಲ.

ನನ್ನ ಅಷ್ಟು ಮಾತಿಗೂ ಏಳದ ಅಮ್ಮ, ಇನ್ನೊಬ್ಬರ ಮಗನ ಬಗ್ಗೆ ಕೇಳಲು ಎದ್ದು ಕೂತದ್ದು ಹೇಗೆ? ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗಲೂ ಅದೇ ತಲೆಯಲ್ಲಿರುತ್ತಿತ್ತು. ಕೊನೆಗೆ ಕೆಲಸ ಬಿಟ್ಟು ಆಪ್ತಸಮಾಲೋಚನೆ ಓದಲು ಸೇರಿದೆ. ಸ್ವಂತ ದುಃಖವನ್ನು ಎದುರಿಗೆ ಕೂತವರ ಮುಂದೆ ಇಡಬಾರದೆಂದು ಅಲ್ಲಿ ಕಲಿಸಿದರು. ನಾನು ಅಕ್ಕನ ವಿಷಯ ಹೇಳಿದಾಗ, ಅದು ಅದೃಷ್ಟ, ಪದ್ಧತಿಯಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಕುತ್ತಿಗೆಯಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡೇ ಬಂದು ಅಳುವ ಹುಡುಗ ಹುಡುಗಿಯರ ಮುಂದೆ ಇಷ್ಟು ವರ್ಷವೂ ಕಲಿಸಿದಂತೆಯೇ ನಡೆದುಕೊಂಡಿದ್ದೇನೆ. ಆದರೂ ಆ ಮಧ್ಯಾಹ್ನ ನಡೆದದ್ದು ನನಗಿನ್ನೂ ಪೂರ್ತಿ ಅರ್ಥವಾಗಿಲ್ಲ.

ಕಟ್ಟಡ ಮುಗಿದ ಮೇಲೆ ಅಕ್ಕ, ಅವರ ಗಂಡ ಗಚ್ಚಿಬೌಲಿಯ ಕಡೆ ಇನ್ನೊಂದು ಕಟ್ಟಡಕ್ಕೆ ಹೋದರು. ಮುಂದೆ ಊರು ಸೇರಿದರಂತೆ. ಹಬ್ಬಕ್ಕೊಮ್ಮೆ ಇದ್ದ ಫೋನ್ ಕೂಡ ಯಾವಾಗಲೋ ನಿಂತಿತ್ತು...

ಕಳೆದ ವಾರ ಆ ಗೋಣಿಯ ವಾಸನೆ ಬಂದ ದಿನ ಸಂಜೆ ಮನೆಗೆ ಬಂದು, ಹಳೆಯ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಅಕ್ಕನ ಗಂಡ. ಅಕ್ಕ ಕಳೆದ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡು ಫೋನ್ ಇಸಿದುಕೊಂಡಳು.

"ನಮಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?" ಅಮ್ಮನ ದನಿಯಲ್ಲಿ ಕೋಪವಿತ್ತು.

"ಹೇಳಬೇಕಂತ ಫೋನ್ ಕೈಯಾಗ ಹಿಡೀತಿದ್ನಿರಿ," ಎಂದರು ಅವರು. "ಏನಂತ ಹೇಳಲಿ... ಮಾತೆಲ್ಲಾ ಆಕೀನ ಆಡಾಕಿ."

ಅಮ್ಮ ಫೋನ್ ಹಿಡಿದುಕೊಂಡೇ ಕೂತಳು. ಆ ಕಡೆ ಯಾರದೋ ಮನೆಯ ಎಮ್ಮೆ ಕೂಗಿದ್ದು ನನಗೂ ಕೇಳಿಸಿತು. ಇಬ್ಬರೂ ಫೋನ್ ಇಡಲಿಲ್ಲ. ನಾನು ಅಮ್ಮನ ಪಕ್ಕ ಕೂತೆ. ಮಾತಾಡಿಸಲು ಹೋಗಲಿಲ್ಲ.